ಉತ್ತರ ಕನ್ನಡದ ಸಿದ್ದಿಗಳು: ಗುಲಾಮಗಿರಿಯಿಂದ ಪೌರತ್ವದವರೆಗೆ

ಹದಿನಾರನೆಯ ಶತಮಾನದಿಂದ ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವೆಗೆ ತಂದು ಮಾರಿದ ಗುಲಾಮರಲ್ಲಿ ಅನೇಕರು ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ ಸೀಮೆಗಳ ಸಿದ್ದಿಗಳು ಬಹುಪಾಲು ಅವರ ಸಂತತಿಯವರು. ಆಫ್ರಿಕಾದಿಂದಲೇ ಬಂದ ಮಲಿಕ್ ಅಂಬರ್ (ನಿಧನ 1626) ಗುಲಾಮಗಿರಿಯಿಂದ ಮೇಲೆದ್ದು ಅಹಮದ್‌ನಗರದ ಆಡಳಿತ ನಡೆಸಿದನಾದರೂ, ಕಾಡಿನ ಸಿದ್ದಿಗಳಲ್ಲಿ ಹಲವರ ಪಾಲಿಗೆ ಉಳಿದದ್ದು ಭೂಮಾಲೀಕರ ತೋಟಗಳಲ್ಲಿನ ಜೀತ, ಅಂದರೆ ಸಾಲಕ್ಕೆ ಒತ್ತೆಯಾದ ದುಡಿಮೆ.

ಹಿಂದೂ, ಮುಸ್ಲಿಂ, ಕ್ರೈಸ್ತರಾಗಿ ಹಂಚಿಹೋದರೂ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿನತ್ತ ಹೊಲಿದು, ಮೂಲೆಗಳಿಗೆ ‘ಫೂಲ’ ಎಂಬ ಮಡಿಕೆಯ ಹೂ ಕೂರಿಸುವ ಕೌದಿಯ ಕಲೆಯನ್ನು ಒಟ್ಟಾಗಿ ಉಳಿಸಿಕೊಂಡಿದ್ದಾರೆ. 2003ರಲ್ಲಿ ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆಯೂ 2020ರಲ್ಲಿ ಅದೇ ಸಮುದಾಯದ ಶಾಂತಾರಾಮ ಸಿದ್ದಿಯವರಿಗೆ ವಿಧಾನ ಪರಿಷತ್ತಿನ ಸದಸ್ಯತ್ವವೂ ದೊರೆತವು. ಆದರೂ ಗುಂಗುರು ಕೂದಲು, ಮೈಬಣ್ಣಗಳನ್ನು ಕಂಡು ಸಿದ್ದಿಗಳನ್ನು ಹೊರನಾಡಿನವರೆಂದು ಬಗೆಯುವ ಸಮಾಜ, ಈ ಕನ್ನಡಿಗರ ಚರಿತ್ರೆಯನ್ನು ತನ್ನದೆಂದೇ ಒಪ್ಪಿಕೊಳ್ಳಬೇಕಾಗಿದೆ.