ಬೀಜವಿಲ್ಲದ ಹಣ್ಣಿನ ತಾಯಿಮರ

ಪೇಟೆಯ ಹಣ್ಣಿನಂಗಡಿಯಲ್ಲಿ ಒಂದು ಬಗೆಯ ಕಿತ್ತಳೆ ಸಿಗುತ್ತದೆ, ನೀವೂ ನೋಡಿರಬಹುದು. ಸಿಪ್ಪೆ ದಪ್ಪ, ಮೈಮೇಲೆ ಹೊರದೇಶದ ಸ್ಟಿಕ್ಕರ್, ತಳದಲ್ಲಿ ಮಗುವಿನ ಹೊಕ್ಕುಳಿನಂಥ ಗುಳಿ. ಕೊಯ್ದರೆ ಆ ಗುಳಿಯೊಳಗೆ ಇನ್ನೊಂದು ಪುಟಾಣಿ ಹಣ್ಣು. ಇಂಗ್ಲಿಷಿನಲ್ಲೂ ಅದರ ಹೆಸರು ನೇವಲ್, ಅಂದರೆ ಹೊಕ್ಕುಳು. ನಮ್ಮ ಗುಂಪಿನವರೊಬ್ಬರು ಊರಿಗೆ ಒಯ್ದಾಗ ಅವರ ಅಜ್ಜಿ ತೊಳೆ ಬಿಡಿಸುತ್ತಾ, "ಇದ್ರಲ್ಲಿ ಬೀಜಾನೇ ಇಲ್ವಲ್ಲೋ, ಗಿಡ ಹೆಂಗ್ ಮಾಡ್ತಾರೆ?" ಎಂದು ಕೇಳಿದರಂತೆ. ಆ ಪ್ರಶ್ನೆ ಹಿಡಿದು ಹೊರಟ ನಮಗೆ ಸಿಕ್ಕಿದ್ದು ಒಂದು ಮರದ ಕಥೆ.

ಕಥೆ ಶುರುವಾಗುವುದು ಬ್ರೆಜಿಲ್ ದೇಶದ ಬಾಹಿಯಾದಲ್ಲಿ. ಅಲ್ಲಿನ ಸಿಹಿ ಕಿತ್ತಳೆ ಮರವೊಂದರ ಟೊಂಗೆ ತಾನಾಗಿಯೇ ಬದಲಾಗಿ, ಬೀಜವಿಲ್ಲದ ಈ ಹೊಕ್ಕುಳ ಹಣ್ಣು ಬಿಟ್ಟಿತು ಎಂಬುದು ತಜ್ಞರ ಅಭಿಪ್ರಾಯ. ಬೀಜವಿಲ್ಲದ ಮೇಲೆ ತಳಿ ಉಳಿಯಬೇಕಾದರೆ ಮನುಷ್ಯರ ಕೈ ಬೇಕು. ಯಾರೋ ಆ ಟೊಂಗೆಯ ಕಣ್ಣು ಕಿತ್ತು ಬೇರೆ ಗಿಡಕ್ಕೆ ಕಸಿ ಕಟ್ಟಿದರು, ಅದರಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಅದಕ್ಕೂ ಮುಂಚಿನ ತೋಟಗಳಲ್ಲಿ ಚಾಕು ಹಿಡಿದ ಕೈಗಳು ಯಾರವಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಈ ಹಣ್ಣಿನ ಕಥೆ ಹೇಳುವವರು ಆ ಜನರ ಹೆಸರು ಹೇಳುವುದಿಲ್ಲ. ನಮಗೆ ಅದು ಚುಚ್ಚಿತು.

ಹೆಸರುಗಳು ಬರುವುದು ಅಮೆರಿಕ ತಲುಪಿದ ಮೇಲೆ. ವಾಷಿಂಗ್ಟನ್‌ನಲ್ಲಿ ಸರ್ಕಾರಿ ಕೃಷಿ ಇಲಾಖೆಯ ತೋಟಗಳನ್ನು ನೋಡಿಕೊಳ್ಳುತ್ತಿದ್ದ ವಿಲಿಯಂ ಸಾಂಡರ್ಸ್ ಎಂಬವರಿಗೆ ಈ ಹಣ್ಣಿನ ಸುದ್ದಿ ಮುಟ್ಟಿತು. ಅವರು ತರಿಸಿದ ಮೊದಲ ಕಂತಿನ ಗಿಡಗಳು ಹಡಗಿನಲ್ಲೇ ಒಣಗಿ ಸತ್ತವು. ಎರಡನೇ ಸಲ, 1870ರಲ್ಲಿ, ಹೊಸದಾಗಿ ಕಸಿ ಮಾಡಿದ 12 ಗಿಡಗಳು ಜೀವ ಹಿಡಿದುಕೊಂಡು ಬಂದವು. ಸಾಂಡರ್ಸ್ ಅವುಗಳ ಕಣ್ಣು ತೆಗೆದು ಗಾಜಿನ ಮನೆಯಲ್ಲಿ ಇನ್ನಷ್ಟು ಗಿಡ ಮಾಡಿದರು.

1873ರಲ್ಲಿ ಆ ಗಿಡಗಳಲ್ಲಿ ಒಂದೆರಡು ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಎಂಬ ಹೊಸ ಊರಿಗೆ ಹೋದವು. ನೆಟ್ಟವರು ಎಲೈಜಾ ಟಿಬೆಟ್ಸ್ ಎಂಬ ಹೆಂಗಸು ಮತ್ತು ಅವರ ಗಂಡ ಲೂಥರ್. ಮೂರು ಗಿಡ ಬಂದಿದ್ದವು, ಒಂದನ್ನು ಹಸು ಹಾಳು ಮಾಡಿತು ಎನ್ನುತ್ತಾರೆ. (ಹಸುಗಳ ಬುದ್ಧಿ ಎಲ್ಲಾ ದೇಶದಲ್ಲೂ ಒಂದೇ.) ಕಾಲುವೆ ನೀರಿನ ತಕರಾರಿನಲ್ಲಿದ್ದ ಈ ಮನೆಯವರು ಪಾತ್ರೆ ತೊಳೆದ ನೀರನ್ನೇ ಹಾಕಿ ಗಿಡ ಉಳಿಸಿದರು ಎಂಬ ಮಾತೂ ಇದೆ.

ಆಮೇಲಿನದು ಕಾಯುವ ಕೆಲಸ. ಬೀಜದಿಂದ ಎಬ್ಬಿಸಿದ ಕಿತ್ತಳೆಗೆ ಬಾಲ್ಯ ದೊಡ್ಡದು. ಮೈತುಂಬ ಮುಳ್ಳು ಬಿಟ್ಟುಕೊಂಡು ಬೆಳೆಯುತ್ತದೆ, ಫಲ ಕೊಡಲು ಏಳೆಂಟು ವರ್ಷವಾದರೂ ಆಗಬಹುದು. ಫಲ ಬಿಡುವ ಮರದಿಂದ ಕಿತ್ತ ಕಣ್ಣು ಹಾಗಲ್ಲ. ಅದು ಬೇರೆ ಬೇರಿನ ಮೇಲೆ ಕೂತರೂ ತನ್ನ ವಯಸ್ಸು ಮರೆಯುವುದಿಲ್ಲ, ಮೂರು ನಾಲ್ಕು ವರ್ಷಕ್ಕೇ ಕಾಯಿ ಕಟ್ಟುತ್ತದೆ. ಕಡ್ಡಿ ನೆಟ್ಟರೂ, ಗೂಟಿ ಕಟ್ಟಿದರೂ ಇದೇ ಲೆಕ್ಕ. ನಿಂಬೆ ಜಾತಿಯ ಕೆಲವು ಕಡ್ಡಿಯಲ್ಲಿ ಸುಲಭವಾಗಿ ಬೇರು ಬಿಡುತ್ತವೆ, ಸಿಹಿ ಕಿತ್ತಳೆ ಅಷ್ಟು ಬೇಗ ಒಪ್ಪುವುದಿಲ್ಲ. ಅದಕ್ಕೇ ಕಣ್ಣು ಕಸಿ.

ಎಲೈಜಾ ಅವರ ಗಿಡಗಳು ಮೊದಲು ಕೊಟ್ಟದ್ದು ಬೆರಳೆಣಿಕೆಯ ಹಣ್ಣು. 1879ರಲ್ಲಿ ಊರಿನ ಹಣ್ಣಿನ ಪ್ರದರ್ಶನದಲ್ಲಿ ಆ ಹಣ್ಣು ಗೆದ್ದಿತು. ಅಲ್ಲಿಂದ ಜನ ಕಣ್ಣಿಗಾಗಿ ಮುಗಿಬಿದ್ದರು. ಕದಿಯುವವರೂ ಹುಟ್ಟಿಕೊಂಡರು, ಮರಕ್ಕೆ ಬೇಲಿ ಹಾಕಬೇಕಾಯಿತು ಎನ್ನುತ್ತಾರೆ. ರಿವರ್‌ಸೈಡ್ ಕಿತ್ತಳೆಯಿಂದಲೇ ಶ್ರೀಮಂತ ಊರಾಯಿತು. ನೆಟ್ಟವರಿಗೆ ಮಾತ್ರ ಅದು ದಕ್ಕಲಿಲ್ಲ. ವ್ಯಾಜ್ಯ, ಸಾಲ ಎಂದು ಮನೆ ಜಮೀನು ಕೈಬಿಟ್ಟವು. ಎಲೈಜಾ 1898ರಲ್ಲಿ ತೀರಿಕೊಂಡರು. ಲೂಥರ್ 1902ರಲ್ಲಿ ಸತ್ತದ್ದು ಬಡವರ ಆಸ್ಪತ್ರೆಯಲ್ಲಿ.

ಮರಗಳಿಗೆ ರಾಜೋಪಚಾರ ಸಿಕ್ಕಿತು. ಒಂದನ್ನು 1903ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಕೈಯಿಂದಲೇ ಊರಿನ ಹೋಟೆಲೊಂದರ ಮುಂದೆ ಮತ್ತೆ ನೆಡಿಸಿದರು. ಅದು ಇಪ್ಪತ್ತು ವರ್ಷವೂ ಬಾಳಲಿಲ್ಲ. ಇನ್ನೊಂದನ್ನು ರಸ್ತೆ ಕೂಡುವ ಜಾಗಕ್ಕೆ ಸಾಗಿಸಿ ಬೇಲಿ ಹಾಕಿದರು. 1918ರ ಹೊತ್ತಿಗೆ ಅದರ ಬುಡ ಕೊಳೆಯತೊಡಗಿತು. ಆಗ ಮಾಡಿದ ಉಪಾಯ ನಮಗೆ ತುಂಬಾ ಹಿಡಿಸಿತು: ಸುತ್ತ ಎಳೆಯ ಸಸಿಗಳನ್ನು ನೆಟ್ಟು, ಅವುಗಳ ತುದಿಯನ್ನು ಮುದಿಮರದ ಕಾಂಡಕ್ಕೆ ಕಸಿ ಕಟ್ಟಿದರು. ಅಜ್ಜಿಗೆ ಮೊಮ್ಮಕ್ಕಳು ಹೆಗಲು ಕೊಟ್ಟ ಹಾಗೆ, ಹಳೇ ಮರಕ್ಕೆ ಹೊಸ ಬೇರು. 1951ರಲ್ಲಿ ಇನ್ನೊಮ್ಮೆ ಹಾಗೇ ಮಾಡಿದರು.

ಈಗ ಆ ಮರಕ್ಕೆ ಬೇರೆ ಭಯ. ಸಿಟ್ರಸ್ ಗ್ರೀನಿಂಗ್ ಎಂಬ ರೋಗ 2017ರಲ್ಲಿ ರಿವರ್‌ಸೈಡ್ ಮುಟ್ಟಿತು. ಎಲೆ ಅಲ್ಲಲ್ಲಿ ಹಳದಿಯಾಗುತ್ತದೆ, ಹಣ್ಣು ಸೊಟ್ಟಗೆ, ಕಹಿಯಾಗಿ ಉದುರುತ್ತದೆ, ಕೊನೆಗೆ ಮರ ಸಾಯುತ್ತದೆ. ಬಂದರೆ ವಾಸಿ ಮಾಡುವ ಮದ್ದಿಲ್ಲ. ಹರಡುವುದು ಎಳ್ಳಿನಷ್ಟು ದೊಡ್ಡ ಸಿಲ್ಲಿಡ್ ಎಂಬ ಕೀಟ. ರೋಗದ ಮರದಿಂದ ತೆಗೆದ ಕಣ್ಣೂ ಹರಡುತ್ತದೆ. ತಳಿಯನ್ನು ಬಾಹಿಯಾದಿಂದ ಇಲ್ಲಿತನಕ ಹೊತ್ತು ತಂದದ್ದು ಇಂಥದೇ ಕಣ್ಣು.

ಇದು ದೂರದ ಸುದ್ದಿಯೇನಲ್ಲ. ಕೊಡಗಿನ ಕಿತ್ತಳೆ ತೋಟಗಳು ಕರಗಿದ್ದಕ್ಕೆ ಇರುವ ಕಾರಣಗಳಲ್ಲಿ ಈ ರೋಗವೂ ಒಂದು. ಆ ಕೀಟ ನಮ್ಮ ಹಿತ್ತಲಿನ ಕರಿಬೇವಿನ ಚಿಗುರಿನ ಮೇಲೂ ಕೂರುತ್ತದೆ. ಸಂತೆಯಲ್ಲಿ ನಿಂಬೆ, ಕಿತ್ತಳೆ ಗಿಡ ಕೊಳ್ಳುವಾಗ ಬೆಲೆ ಕೇಳುವ ಮೊದಲು, ಕಣ್ಣು ಯಾವ ಮರದ್ದು, ಆ ಮರ ಈಗ ಹೇಗಿದೆ ಎಂದು ನಾವು ಕೇಳತೊಡಗಿದ್ದೇವೆ. ಮಾರುವವರು ಕೆಲವರು ನಗುತ್ತಾರೆ.

ರಿವರ್‌ಸೈಡ್‌ನ ಮರಕ್ಕೆ ಕೀಟ ನುಗ್ಗದಂಥ ಸಣ್ಣ ಕಣ್ಣಿನ ಬಲೆಯ ಮನೆ ಕಟ್ಟಿದ್ದಾರೆ. ನೆಟ್ಟು 150 ವರ್ಷ ದಾಟಿತು. ಅಜ್ಜಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಆ ಹೆಣ್ಮಗಳಿಗೆ ಒಂದ್ ಮನೇನಾದ್ರೂ ಉಳೀಬೇಕಿತ್ತಲ್ವೇನೋ?"