ಕಾಲರಾ ವರ್ಷದ ಉಪವಾಸ

ಪಿಡುಗು ಬಂದಾಗ ಉಪವಾಸ ಹಿಡಿದು ತಮ್ಮ ನಡತೆಯನ್ನು ತಾವೇ ಒರೆಗೆ ಹಚ್ಚಿಕೊಳ್ಳುವುದು ಯೆಹೂದ್ಯರ ಹಳೆಯ ಪದ್ಧತಿ. ಯಾವುದನ್ನು ಪಿಡುಗೆನ್ನಬೇಕು ಎಂಬುದಕ್ಕೂ ಅವರ ಪುರಾತನ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾದಲ್ಲಿ ಲೆಕ್ಕವಿದೆ: 500 ಕಾಲಾಳುಗಳನ್ನು ಹೊರಡಿಸಬಲ್ಲ ಊರಿನಲ್ಲಿ ಮೂರು ದಿನಗಳೊಳಗೆ ಸಾಲಾಗಿ ಮೂರು ಸಾವು. ಆದರೆ 19ನೇ ಶತಮಾನದ ಕಾಲರಾ ಈ ಆತ್ಮಪರೀಕ್ಷೆಯ ಮುಖವನ್ನು ನೆರೆಯವನ ದೇಹದ ಕಡೆಗೆ ತಿರುಗಿಸಿತು ಎಂಬುದು ನನ್ನ ವಾದ. 1831ರಲ್ಲಿ ಪೋಸೆನ್‌ನ ರಬ್ಬಿ ಅಕೀವಾ ಏಗರ್, ಪ್ರಾರ್ಥನಾ ಮಂದಿರದಲ್ಲಿ ಜನ ಕಿಕ್ಕಿರಿಯಬಾರದು, ಒಮ್ಮೆಗೆ ಸುಮಾರು 15 ಮಂದಿ ಸಾಕು ಎಂದು ಬರೆದರು. 1848ರಲ್ಲಿ ವಿಲ್ನಾದ ಇಸ್ರೇಲ್ ಸಲಾಂಟರ್ ಇನ್ನೂ ಮುಂದೆ ಹೋದರು. ಸ್ವಭಾವ ತಿದ್ದಿಕೊಳ್ಳುವುದನ್ನೇ ಸಾಧನೆಯಾಗಿಸಿದ ಮುಸಾರ್ ಚಳವಳಿಯನ್ನು ಕಟ್ಟಿದವರು ಅವರು. ವರ್ಷದಲ್ಲೇ ಅತ್ಯಂತ ಕಟ್ಟುನಿಟ್ಟಿನ, ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್‌ನ ಉಪವಾಸವನ್ನು, ಪ್ರಾಣಾಪಾಯವಿದ್ದರೆ ಮುರಿಯಬಹುದೆಂದರು. ಶಿಷ್ಯರನ್ನು ರೋಗಿಗಳ ಆರೈಕೆಗೆ ಹಚ್ಚಿದರು. ಅವರೇ ವೇದಿಕೆಯ ಮೇಲೆ ನಿಂತು ತಿಂದರೆಂಬ ಕಥೆಗೆ ಮಾತ್ರ ಹಲವು ಪಾಠಗಳಿವೆ.

ಇದು ಧರ್ಮ ವೈದ್ಯರಿಗೆ ಶರಣಾದ ಬಗೆಯಲ್ಲವೇ ಎಂದು ಕೇಳಬಹುದು. ಅಲ್ಲ. ಪ್ರಾಣಕ್ಕೆ ಕುತ್ತಿದ್ದರೆ ಉಪವಾಸ ಬಿಡಬೇಕೆಂಬ ನಿಯಮ ಮಿಶ್ನಾದ 'ಯೋಮಾ' ಭಾಗದಲ್ಲೇ ಇತ್ತು. ಹೊಸದಾದದ್ದು, ಇನ್ನೂ ಕಾಯಿಲೆ ಬೀಳದವರಿಗೂ ಅದನ್ನು ಅನ್ವಯಿಸಿದ್ದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಹಸಿವೇ ಇಲ್ಲದೆ ಪಶ್ಚಾತ್ತಾಪ ಸಡಿಲಾಗುವುದಿಲ್ಲವೇ? ಸಡಿಲಾಗಬಹುದು. ಆದರೆ ವ್ರತಭಂಗದ ಕಳವಳವನ್ನು ಹೊತ್ತುಕೊಂಡೇ ತುತ್ತು ನುಂಗುವುದು ಶ್ರದ್ಧಾಳುವಿಗೆ ಉಪವಾಸಕ್ಕಿಂತ ಕಠಿಣ ಪರೀಕ್ಷೆ. ತನ್ನ ಪುಣ್ಯದ ಆಸೆಯನ್ನೂ ಅವನು ಅಲ್ಲಿ ಪ್ರಶ್ನಿಸಿಕೊಳ್ಳಬೇಕಾಗುತ್ತದೆ.