ಭೂಕಂಪಕ್ಕೆ ಸಾಕ್ಷಿ ನುಡಿದ ಪ್ರವಾಸಿ ಲೇಖಕಿ

ಅದು 1822ರ ನವೆಂಬರ್ 19ರ ರಾತ್ರಿ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿರುವ ಕಿಂಟೆರೊ ಎಂಬ ಕಡಲತೀರದ ಊರು. ಗಂಟೆ ಹತ್ತು ದಾಟಿತ್ತು. ಅಲ್ಲಿನ ಮನೆಯೊಂದರಲ್ಲಿ ಮಾತನಾಡುತ್ತ ಕುಳಿತಿದ್ದವರ ನಡುವೆ 37 ವರ್ಷದ ಬ್ರಿಟಿಷ್ ಮಹಿಳೆಯೊಬ್ಬಳಿದ್ದಳು. ಗಂಡ ಸತ್ತು ಏಳು ತಿಂಗಳಾಗಿತ್ತು. ಕಾಯಿಲೆ ಬಿದ್ದಿದ್ದ ಬಂಧು ಯುವಕನೊಬ್ಬನ ಆರೈಕೆ ಆಕೆಯ ಮೇಲಿತ್ತು. ಇದ್ದಕ್ಕಿದ್ದಂತೆ ಮನೆ ಅಲುಗತೊಡಗಿತು. ಎಲ್ಲರೂ ರೋಗಿಯನ್ನು ಎತ್ತಿಕೊಂಡು ಬಯಲಿಗೆ ಓಡಿದರು.

ಮುಂದಿನ ದಿನಗಳಲ್ಲಿ ಆಕೆ ಕಡಲತೀರದಲ್ಲಿ ಕಂಡದ್ದು ವಿಚಿತ್ರವಾಗಿತ್ತು. ಭರತದ ಹೊತ್ತಿನಲ್ಲೂ ಸಮುದ್ರದ ತಳದ ಒಂದು ಭಾಗ ಒಣಗಿ ಬಯಲಾಗಿತ್ತು. ಬಂಡೆಗಳಿಗೆ ಅಂಟಿಕೊಂಡಿದ್ದ ಸಿಂಪಿಗಳು ನೀರಿಲ್ಲದೆ ಸತ್ತಿದ್ದವು. ಸತ್ತ ಮೀನಿನ ದುರ್ವಾಸನೆ ಸುತ್ತಲೂ ಹಬ್ಬಿತ್ತು. ಹಿಂದೆ ಹತ್ತಿರ ಹೋಗಲಾಗದಂತಿದ್ದ ಹಳೆಯ ಹಡಗಿನ ಅವಶೇಷವೊಂದರ ಬಳಿಗೆ ಈಗ ನೆಲದ ಮೇಲೇ ನಡೆದು ಹೋಗಬಹುದಿತ್ತು. ಸಮುದ್ರ ಹಿಂದೆ ಸರಿದಿರಲಿಲ್ಲ. ನೆಲವೇ ಮೇಲೆದ್ದಿತ್ತು. ಕಿಂಟೆರೊದಲ್ಲಿ ಸುಮಾರು ನಾಲ್ಕು ಅಡಿ, ವಾಲ್ಪರೈಸೊ ಬಂದರಿನಲ್ಲಿ ಸುಮಾರು ಮೂರು ಅಡಿ ಎಂದು ಆಕೆ ಬರೆದಿಟ್ಟಳು. ತೀರಕ್ಕೆ ಸಮಾನಾಂತರವಾಗಿ, ಸಮುದ್ರಮಟ್ಟದಿಂದ ಐವತ್ತು ಅಡಿ ಎತ್ತರದವರೆಗೂ, ಚಿಪ್ಪು ಬೆರೆತ ಉರುಟುಗಲ್ಲಿನ ಹಳೆಯ ಸಾಲುಗಳು ಇದ್ದುದನ್ನೂ ಗುರುತಿಸಿದಳು. ಈ ತೀರ ಹಿಂದೆಯೂ ಹೀಗೆಯೇ ಎದ್ದಿರಬೇಕು ಎಂಬುದು ಆಕೆಯ ಊಹೆ.

ಆಕೆಯ ಹೆಸರು ಮರಿಯಾ ಗ್ರಹಾಂ. ಈ ಟಿಪ್ಪಣಿಗಳು ಲಂಡನ್ನಿನ ವಿಜ್ಞಾನಿಗಳ ನಡುವೆ ದೊಡ್ಡ ಜಗಳಕ್ಕೆ ಕಾರಣವಾದವು. ಜಗಳದ ತಿರುಳು ಭೂಮಿಯ ಬಗ್ಗೆ ಎಷ್ಟಿತ್ತೋ, ಹೆಣ್ಣೊಬ್ಬಳು ಕಣ್ಣಾರೆ ಕಂಡು ಬರೆದದ್ದನ್ನು ಸಾಕ್ಷ್ಯವೆಂದು ಒಪ್ಪಬಹುದೇ ಎಂಬುದರ ಬಗ್ಗೆಯೂ ಅಷ್ಟೇ ಇತ್ತು.

ಪತ್ರವೇ ದಾರಿ

ಇಂಗ್ಲಿಷ್ ಸಾಹಿತ್ಯ ಚರಿತ್ರೆಯಲ್ಲಿ ಅದು ರಮ್ಯಯುಗ. ವರ್ಡ್ಸ್‌ವರ್ತ್, ಶೆಲ್ಲಿ ಮುಂತಾದ ಆ ಯುಗದ ಕವಿಗಳು ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಮೂಲಕ ಕನ್ನಡಿಗರಿಗೂ ಪರಿಚಿತರು. ಆದರೆ ಅದೇ ಕಾಲದಲ್ಲಿ ದೂರದೇಶಗಳನ್ನು ಸುತ್ತಿ ಬರೆದ ಹೆಂಗಸರ ಹೆಸರುಗಳು ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ.

ಅವರೇನೂ ಕಡಿಮೆ ಇರಲಿಲ್ಲ. ಹೆಲೆನ್ ಮರಿಯಾ ವಿಲಿಯಮ್ಸ್ ಫ್ರಾನ್ಸಿನ ಕ್ರಾಂತಿಯನ್ನು ನೋಡಲು ಹೋಗಿ, 1790ರಿಂದ ಅಲ್ಲಿನ ಸುದ್ದಿಯನ್ನು ಪತ್ರಗಳ ರೂಪದಲ್ಲಿ ಪ್ರಕಟಿಸಿದಳು. ಪ್ಯಾರಿಸ್ಸಿನ ಆಕೆಯ ಮನೆ ಲೇಖಕರು, ರಾಜಕಾರಣಿಗಳು ಕೂಡುವ ಜಾಗವಾಗಿತ್ತು. 1793ರಲ್ಲಿ ಆಕೆ ಸೆರೆಮನೆಯನ್ನೂ ಕಂಡಳು. ಅದೇ ಮನೆಗೆ ಬರುತ್ತಿದ್ದ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1795ರಲ್ಲಿ ಹಸುಗೂಸನ್ನು ಕಟ್ಟಿಕೊಂಡು ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಸುತ್ತಿದಳು. ಆ ಪ್ರವಾಸದ ಪತ್ರಗಳು ಮರುವರ್ಷ ಪುಸ್ತಕವಾಗಿ ಬಂದವು.

ಇವರೆಲ್ಲ ಪತ್ರ ಅಥವಾ ದಿನಚರಿಯ ರೂಪವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ವಿಶ್ವವಿದ್ಯಾಲಯದ ಬಾಗಿಲು ಹೆಣ್ಣಿಗೆ ಮುಚ್ಚಿತ್ತು. ವಿದ್ವತ್ ಸಂಘಗಳಲ್ಲಿ ಸದಸ್ಯತ್ವವಿರಲಿಲ್ಲ. ಪತ್ರ ಬರೆಯಲು ಮಾತ್ರ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಪತ್ರ ಪರಿಚಯವನ್ನು ಬೆಳೆಸುತ್ತಿತ್ತು, ಪರಿಚಯ ಪ್ರಕಾಶಕರವರೆಗೆ ಮುಟ್ಟಿಸುತ್ತಿತ್ತು. ಮರಿಯಾ ಗ್ರಹಾಂಳ ಬದುಕು ಈ ವ್ಯವಸ್ಥೆ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಒಳ್ಳೆಯ ಉದಾಹರಣೆ.

ಮುಂಬಯಿಯ ಹಾದಿ

ಮರಿಯಾ ಹುಟ್ಟಿದ್ದು 1785ರಲ್ಲಿ, ಉತ್ತರ ಇಂಗ್ಲೆಂಡಿನ ಕಂಬರ್ಲೆಂಡ್ ಪ್ರಾಂತದಲ್ಲಿ. ತಂದೆ ಜಾರ್ಜ್ ಡಂಡಾಸ್ ನೌಕಾಪಡೆಯ ಅಧಿಕಾರಿ. ಮಗಳು ಬೆಳೆದದ್ದು ಬಹುಮಟ್ಟಿಗೆ ಬಂಧುಗಳ ಮನೆಯಲ್ಲಿ ಮತ್ತು ಶಾಲೆಯಲ್ಲಿ. ಯೌವನದಲ್ಲಿ ಎಡಿನ್‌ಬರೋ ನಗರದಲ್ಲಿದ್ದಾಗ ತತ್ವಶಾಸ್ತ್ರಜ್ಞ ಡುಗಾಲ್ಡ್ ಸ್ಟೂವರ್ಟ್, ಭೂವಿಜ್ಞಾನದಲ್ಲಿ ಹೆಸರು ಮಾಡಿದ್ದ ಜಾನ್ ಪ್ಲೇಫೇರ್ ಅಂಥವರ ಪರಿಚಯವಾಯಿತು. ಮಸ್ಲಿನ್ ಉಡುಪಿನ ಈ ಹುಡುಗಿಯ ಗಂಭೀರ ಚರ್ಚೆಗಳನ್ನು ಕಂಡವರು ‘ಮಸ್ಲಿನ್ ತೊಟ್ಟ ತತ್ವಶಾಸ್ತ್ರ’ ಎಂದು ಅಡ್ಡಹೆಸರಿಟ್ಟರು. ಅದರಲ್ಲಿ ಮೆಚ್ಚುಗೆಯೂ ಇತ್ತು, ಗೇಲಿಯೂ ಇತ್ತು.

ತಂದೆಗೆ ಮುಂಬಯಿಯ ನೌಕಾ ಕಾರ್ಖಾನೆಯಲ್ಲಿ ಹುದ್ದೆ ಸಿಕ್ಕಿತು. 1809ರಲ್ಲಿ ಆಕೆ ತಂದೆಯೊಂದಿಗೆ ಮುಂಬಯಿಗೆ ಬಂದಿಳಿದಳು. ಹಡಗಿನಲ್ಲೇ ಪರಿಚಯವಾದ ನೌಕಾಧಿಕಾರಿ ಥಾಮಸ್ ಗ್ರಹಾಂನನ್ನು ಅದೇ ವರ್ಷ ಮದುವೆಯಾದಳು. ಮುಂದೆ 1811ರವರೆಗೆ ಕಾರ್ಲಾ ಮತ್ತು ಎಲಿಫೆಂಟಾ ಗುಹೆಗಳು, ಪುಣೆ, ಸಿಂಹಳ, ಮದರಾಸು, ಕಲ್ಕತ್ತ, ಮಹಾಬಲಿಪುರ ಎಂದು ಸುತ್ತಿದಳು. ಕಂಡದ್ದನ್ನು ಬರೆದಳು, ಚಿತ್ರಗಳನ್ನೂ ಬಿಡಿಸಿದಳು.

ಮುಂಬಯಿಯಲ್ಲಿ ಆಗ ಸರ್ ಜೇಮ್ಸ್ ಮೆಕಿಂಟಾಷ್ ನ್ಯಾಯಾಧೀಶನಾಗಿದ್ದ. 1804ರಲ್ಲಿ ಅಲ್ಲಿ ಸಾಹಿತ್ಯ ಸಂಘವನ್ನು ಕಟ್ಟಿದವನು ಆತನೇ. ಫ್ರಾನ್ಸಿನ ಕ್ರಾಂತಿಯ ವಿಷಯದಲ್ಲಿ ಎಡ್ಮಂಡ್ ಬರ್ಕ್‌ಗೆ ವುಲ್‌ಸ್ಟನ್‌ಕ್ರಾಫ್ಟ್ ಉತ್ತರ ಬರೆದಿದ್ದಂತೆ, ಈ ಮೆಕಿಂಟಾಷ್ ಕೂಡ ಬರೆದಿದ್ದ. ಲಂಡನ್ನಿನ ಪ್ರಕಾಶಕರು ಮತ್ತು ವಿಮರ್ಶಕರ ವಲಯಕ್ಕೆ ಸೇರಿದ ಇಂಥವರ ಸ್ನೇಹ ಮುಂಬಯಿಯಲ್ಲೇ ದೊರೆತದ್ದು ಮರಿಯಾಗೆ ಅನುಕೂಲವಾಯಿತು.

1812ರಲ್ಲಿ ಎಡಿನ್‌ಬರೋದ ಕಾನ್‌ಸ್ಟಬಲ್ ಪ್ರಕಾಶನದಿಂದ ಆಕೆಯ ಭಾರತ ದಿನಚರಿ ಹೊರಬಂತು. ಮರುವರ್ಷವೇ ಎರಡನೆಯ ಮುದ್ರಣ ಕಂಡಿತು. ಆ ಹಿಂದೆ ಭಾರತದ ಬಗ್ಗೆ ಬಂದಿದ್ದ ಪುಸ್ತಕಗಳಲ್ಲಿ ಹೆಚ್ಚಿನವು ಸೈನಿಕರು, ಅಧಿಕಾರಿಗಳು ಬರೆದವು. ಅವರಾರೂ ಹೊಗಲಾಗದ ಕಡೆ ಮರಿಯಾ ಹೊಕ್ಕಿದ್ದಳು. ಮುಂಬಯಿಯ ಖಾಜಿಯೊಬ್ಬರ ಮನೆಯ ಅಂತಃಪುರಕ್ಕೆ ಹೋಗಿ ಅಲ್ಲಿನ ಹೆಂಗಸರನ್ನು ಕಂಡು ಬರೆದಳು. ಇಷ್ಟು ದೂರ ಬಂದೂ ಸ್ಥಳೀಯ ಜನರ ಬಗ್ಗೆ ಕುತೂಹಲವೇ ಇಲ್ಲದ ತನ್ನ ದೇಶದವರನ್ನು ಟೀಕಿಸಿದಳು.

ಹಾಗೆಂದು ಆಕೆ ತನ್ನ ಕಾಲದ ಪೂರ್ವಗ್ರಹಗಳನ್ನು ಮೀರಿದವಳಲ್ಲ. ಬ್ರಿಟಿಷ್ ಆಳ್ವಿಕೆಯನ್ನು ಆಕೆ ಪ್ರಶ್ನಿಸಲಿಲ್ಲ. ಭಾರತೀಯರ ಬಗೆಗಿನ ಆಕೆಯ ಮಾತುಗಳಲ್ಲಿ ಆಳುವವರ ದನಿ ಕೇಳಿಸುವ ಕಡೆಗಳಿವೆ. 1814ರಲ್ಲಿ ಬಂದ ಭಾರತದ ಬಗೆಗಿನ ಎರಡನೆಯ ಪುಸ್ತಕದಲ್ಲಿ ಸಂಸ್ಕೃತ ಸಾಹಿತ್ಯದ ಬಗ್ಗೆ ಗೌರವವಿದೆ, ಆದರೆ ಅದು ಹೆಚ್ಚಾಗಿ ಯೂರೋಪಿನ ವಿದ್ವಾಂಸರ ಅನುವಾದಗಳ ಮೂಲಕ ಬಂದದ್ದು.

ಒಂಟಿಯಾಗಿ ಚಿಲಿಯಲ್ಲಿ

1819ರಲ್ಲಿ ಗಂಡ ಹೆಂಡತಿ ಇಟಲಿಯಲ್ಲಿದ್ದರು. ರೋಮ್ ನಗರದ ಪೂರ್ವದ ಬೆಟ್ಟಗಳಲ್ಲಿ ಮೂರು ತಿಂಗಳಿದ್ದಾಗ ಚಿತ್ರಕಲಾವಿದ ಚಾರ್ಲ್ಸ್ ಈಸ್ಟ್‌ಲೇಕ್ ಜತೆಗಿದ್ದ. ಡಕಾಯಿತರ ಕಾಟವಿದ್ದ ಆ ಪ್ರದೇಶದ ಬಗ್ಗೆ 1820ರಲ್ಲಿ ಆಕೆಯ ಪುಸ್ತಕ ಬಂತು. ಅದೇ ವರ್ಷ ಫ್ರೆಂಚ್ ಕಲಾವಿದ ಪೂಸಾನ್‌ನ ಜೀವನಚರಿತ್ರೆಯೂ ಬಂತು.

1821ರಲ್ಲಿ ಥಾಮಸ್ ಗ್ರಹಾಂ ‘ಡೋರಿಸ್’ ಎಂಬ ಯುದ್ಧನೌಕೆಯ ಕ್ಯಾಪ್ಟನ್ ಆಗಿ ದಕ್ಷಿಣ ಅಮೆರಿಕಕ್ಕೆ ಹೊರಟಾಗ ಮರಿಯಾ ಜತೆಗಿದ್ದಳು. ಬ್ರೆಜಿಲ್ ಮುಟ್ಟಿ ಅಲ್ಲಿಂದ ಚಿಲಿಗೆ ಹೋಗುವಾಗ, 1822ರ ಏಪ್ರಿಲ್‌ನಲ್ಲಿ, ಕೇಪ್ ಹಾರ್ನ್ ಬಳಿ ಆತ ಜ್ವರದಿಂದ ಸತ್ತ. ಆ ತಿಂಗಳ ಕೊನೆಯಲ್ಲಿ ಹಡಗು ವಾಲ್ಪರೈಸೊ ಮುಟ್ಟಿತು. ಗಂಡನನ್ನು ಅಲ್ಲಿ ಮಣ್ಣು ಮಾಡಿದ ಮರಿಯಾ ತಕ್ಷಣ ಊರಿಗೆ ಮರಳಲಿಲ್ಲ. ಅಲ್ಲಿಯೇ ಸಣ್ಣ ಮನೆಯೊಂದನ್ನು ಬಾಡಿಗೆಗೆ ಹಿಡಿದಳು. ಅಧಿಕಾರಿಯ ಹೆಂಡತಿ ಎಂಬ ನೆಲೆ ತಪ್ಪಿದ ಮೇಲೂ ಪ್ರವಾಸಿಯಾಗಿ ಉಳಿದದ್ದು ಆ ಕಾಲಕ್ಕೆ ಅಪರೂಪದ ತೀರ್ಮಾನ.

ಸ್ಪೇನಿನಿಂದ ಬಿಡುಗಡೆ ಪಡೆದು ಚಿಲಿಗೆ ಆಗ ಕೆಲವೇ ವರ್ಷಗಳಾಗಿದ್ದವು. ಚಿಲಿಯ ನೌಕಾಪಡೆಯ ಮುಖ್ಯಸ್ಥ, ಸ್ಕಾಟ್ಲೆಂಡಿನ ಲಾರ್ಡ್ ಕಾಕ್ರನ್, ಆಕೆಗೆ ನೆರವಾದ. ಭೂಕಂಪದ ರಾತ್ರಿ ಆಕೆ ಇದ್ದದ್ದು ಕಿಂಟೆರೊದಲ್ಲಿದ್ದ ಆತನ ಮನೆಯಲ್ಲಿಯೇ.

1823ರಲ್ಲಿ ಚಿಲಿ ಬಿಟ್ಟು ಮತ್ತೆ ಬ್ರೆಜಿಲ್‌ಗೆ ಬಂದಳು. ಅಲ್ಲಿ ಗುಲಾಮರ ಮಾರುಕಟ್ಟೆಗಳನ್ನು ಕಂಡು ಬೇಸರದಿಂದ ಬರೆದಳು. ಗಂಡಸಿನ ವೇಷದಲ್ಲಿ ಬ್ರೆಜಿಲ್‌ನ ಸ್ವಾತಂತ್ರ್ಯಕ್ಕಾಗಿ ಹೋರಾಡಿದ್ದ ಮರಿಯಾ ಕಿಟೇರಿಯಾ ಎಂಬ ಹೆಣ್ಣನ್ನು ಭೇಟಿಯಾಗಿ, ಆಕೆಯ ಕಥೆಯನ್ನು ಇಂಗ್ಲಿಷ್ ಓದುಗರಿಗೆ ತಿಳಿಸಿದಳು. ಚಿಲಿ ಮತ್ತು ಬ್ರೆಜಿಲ್ ದಿನಚರಿಗಳು 1824ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅದೇ ವರ್ಷ ಬ್ರೆಜಿಲ್ ಚಕ್ರವರ್ತಿಯ ಐದು ವರ್ಷದ ಮಗಳಿಗೆ ಪಾಠ ಹೇಳಲು ಮತ್ತೆ ರಿಯೊಗೆ ಹೋದಳು. ಅರಮನೆಯ ಒಳಸಂಚುಗಳಿಂದ ಕೆಲವೇ ವಾರಗಳಲ್ಲಿ ಆ ಕೆಲಸ ಹೋಯಿತು. ಸಾಮ್ರಾಜ್ಞಿ ಲಿಯೊಪೊಲ್ಡೀನಳ ಸ್ನೇಹ ಮಾತ್ರ ಪತ್ರಗಳಲ್ಲಿ ಮುಂದುವರಿಯಿತು.

ಲಂಡನ್ನಿನಲ್ಲಿ ಆಕೆಗೆ ಆಸರೆಯಾದದ್ದು ಪುಸ್ತಕ ವ್ಯವಹಾರ. ಬೈರನ್ ಮತ್ತು ಜೇನ್ ಆಸ್ಟಿನ್‌ರ ಕೃತಿಗಳನ್ನು ಪ್ರಕಟಿಸಿದ್ದ ಜಾನ್ ಮರೆ ಅವಳ ಪುಸ್ತಕಗಳ ಪ್ರಕಾಶಕರಲ್ಲೊಬ್ಬ. ಲಂಡನ್ನಿನಲ್ಲಿ ದಡಾರದಿಂದ ಸತ್ತ ಹವಾಯಿಯ ರಾಜ ರಾಣಿಯರ ಶವಗಳನ್ನು ಅವರ ದ್ವೀಪಕ್ಕೆ ಮುಟ್ಟಿಸಿದ ‘ಬ್ಲಾಂಡ್’ ಹಡಗಿನ ಯಾತ್ರೆಯ ಪುಸ್ತಕವನ್ನು 1826ರಲ್ಲಿ ಸಿದ್ಧಪಡಿಸಿದವಳು ಮರಿಯಾ. ಆಕೆ ಆ ಹಡಗಿನಲ್ಲಿ ಹೋದವಳಲ್ಲ. ಹೋಗಿ ಬಂದವರ ಟಿಪ್ಪಣಿಗಳನ್ನು ಜೋಡಿಸಿ ಬರೆದಳು.

ಅಧ್ಯಕ್ಷರ ಆಕ್ಷೇಪ

ಚಿಲಿಯ ಭೂಕಂಪದ ಬಗ್ಗೆ ಮರಿಯಾ ಲಂಡನ್ನಿನ ಭೂವಿಜ್ಞಾನ ಸಂಘದ ಪದಾಧಿಕಾರಿ ಹೆನ್ರಿ ವಾರ್ಬರ್ಟನ್‌ಗೆ ಪತ್ರ ಬರೆದಿದ್ದಳು. ಅದರ ಭಾಗ 1824ರಲ್ಲಿ ಸಂಘದ ಸಂಪುಟದಲ್ಲಿ ಅಚ್ಚಾಯಿತು. ಹೆಣ್ಣು ಸದಸ್ಯಳಾಗಲು ಅವಕಾಶವಿಲ್ಲದ ಸಂಘದ ಸಂಪುಟಕ್ಕೆ ಹೆಣ್ಣಿನ ಬರಹ ಸೇರಿದ್ದು ಹೀಗೆ, ಗಂಡಸೊಬ್ಬನಿಗೆ ಬರೆದ ಪತ್ರದ ಮೂಲಕ.

1830ರಲ್ಲಿ ಚಾರ್ಲ್ಸ್ ಲಯಲ್ ತನ್ನ ಭೂವಿಜ್ಞಾನ ಗ್ರಂಥದಲ್ಲಿ ಈ ವರದಿಯನ್ನು ಬಳಸಿಕೊಂಡ. ಪರ್ವತಗಳು ಒಮ್ಮೆಲೇ ಮಹಾ ಪ್ರಳಯದಲ್ಲಿ ಹುಟ್ಟಿದವಲ್ಲ, ಸಣ್ಣ ಸಣ್ಣ ಬದಲಾವಣೆಗಳು ದೀರ್ಘಕಾಲ ಸೇರಿ ಆದವು ಎಂಬುದು ಲಯಲ್‌ನ ವಾದ. ಒಂದು ಭೂಕಂಪ ನೆಲವನ್ನು ಮೂರು ಅಡಿ ಎತ್ತಬಲ್ಲದಾದರೆ, ಸಾವಿರಾರು ಭೂಕಂಪಗಳು ಆಂಡೀಸ್ ಪರ್ವತವನ್ನೇ ಎತ್ತಬಲ್ಲವು. ಹಾಗಾಗಿ ಮರಿಯಾಳ ಮೂರು ಅಡಿಗೆ ತುಂಬ ಬೆಲೆ ಬಂತು.

ಲಯಲ್‌ನ ವಾದ ಎಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ. 1834ರಲ್ಲಿ ಸಂಘದ ಅಧ್ಯಕ್ಷ ಜಾರ್ಜ್ ಗ್ರೀನೊ ತನ್ನ ವಾರ್ಷಿಕ ಭಾಷಣದಲ್ಲಿ ಮರಿಯಾಳ ವರದಿಯನ್ನು ಎಳೆದು ಪರೀಕ್ಷಿಸಿ, ಅದು ನಂಬಲರ್ಹವಲ್ಲ ಎಂದು ತಳ್ಳಿಹಾಕಿದ. ನೆಲ ಮೇಲೆದ್ದಿತು ಎಂಬುದೇ ಆತನಿಗೆ ಒಪ್ಪಿಗೆಯಿರಲಿಲ್ಲ.

ಅಷ್ಟು ಹೊತ್ತಿಗೆ ಮರಿಯಾ ಕಲಾವಿದ ಆಗಸ್ಟಸ್ ಕಾಲ್ಕಾಟ್‌ನನ್ನು ಮದುವೆಯಾಗಿ ಏಳು ವರ್ಷವಾಗಿತ್ತು. 1831ರಲ್ಲಿ ರಕ್ತನಾಳ ಒಡೆದ ನಂತರ ಆಕೆ ಹೆಚ್ಚಾಗಿ ಹಾಸಿಗೆಯಲ್ಲೇ ಇದ್ದಳು. ಅಧ್ಯಕ್ಷರ ಮಾತು ಕೇಳಿ ಸಿಟ್ಟಾದ ಗಂಡ ಮತ್ತು ತಮ್ಮ ಆತನನ್ನು ದ್ವಂದ್ವಯುದ್ಧಕ್ಕೆ ಕರೆಯುತ್ತೇವೆ ಎಂದರಂತೆ. ನೀವಿಬ್ಬರೂ ಸುಮ್ಮನಿರಿ, ನನ್ನ ಜಗಳ ನಾನೇ ಆಡಬಲ್ಲೆ ಎಂದು ಮರಿಯಾ ತಡೆದಳು ಎಂಬ ಪ್ರಸಂಗ ಬಂಧುಗಳ ನೆನಪಿನಲ್ಲಿ ಉಳಿದಿದೆ.

ಜಗಳ ಆಡಿದ್ದೂ ಪತ್ರದ ಮೂಲಕವೇ. ಸಂಘದ ಅಧ್ಯಕ್ಷರು ಮತ್ತು ಸದಸ್ಯರಿಗೆ ಬಹಿರಂಗ ಪತ್ರವೊಂದನ್ನು ಬರೆದು, 1834ರಲ್ಲೇ ಅಚ್ಚು ಹಾಕಿಸಿದಳು. ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ ಕೊಟ್ಟಳು. ಸಿದ್ಧಾಂತದ ಗೋಜಿಗೆ ಹೋಗದೆ, ತಾನು ಕಂಡದ್ದನ್ನು ಕಂಡಂತೆಯೇ ಬರೆದಿದ್ದೇನೆ ಎಂಬ ನಿಲುವಿಗೆ ಅಂಟಿಕೊಂಡಳು. ಮರುವರ್ಷ ಅಮೆರಿಕದ ವಿಜ್ಞಾನ ಪತ್ರಿಕೆಯೊಂದು ಈ ಉತ್ತರವನ್ನು ಮತ್ತೆ ಪ್ರಕಟಿಸಿತು.

ಡಾರ್ವಿನ್ ಕಂಡ ತೀರ

ತೀರ್ಪು ಚಿಲಿಯಿಂದಲೇ ಬಂತು. 1835ರ ಫೆಬ್ರವರಿ 20ರಂದು ಕಾನ್ಸೆಪ್ಸಿಯಾನ್ ನಗರ ಭೂಕಂಪದಿಂದ ನೆಲಸಮವಾಯಿತು. ‘ಬೀಗಲ್’ ಹಡಗಿನಲ್ಲಿ ಬಂದಿದ್ದ ಯುವ ಚಾರ್ಲ್ಸ್ ಡಾರ್ವಿನ್ ಆಗ ಚಿಲಿಯಲ್ಲಿದ್ದ. ಹಡಗಿನ ಕ್ಯಾಪ್ಟನ್ ಫಿಟ್ಸ್‌ರಾಯ್ ಹತ್ತಿರದ ದ್ವೀಪವೊಂದರಲ್ಲಿ ನೆಲ ಹಲವು ಅಡಿ ಮೇಲೆದ್ದುದನ್ನು ಅಳತೆ ಮಾಡಿದ. ಅಲ್ಲೂ ಬಂಡೆಗೆ ಅಂಟಿದ ಚಿಪ್ಪುಜೀವಿಗಳು ನೀರಿನಿಂದ ಮೇಲೆ ಉಳಿದು ಕೊಳೆಯುತ್ತಿದ್ದವು. 1837ರ ಜನವರಿಯಲ್ಲಿ ಚಿಲಿಯ ತೀರ ಮೇಲೇಳುತ್ತಿರುವುದರ ಬಗ್ಗೆ ಡಾರ್ವಿನ್ ಪ್ರಬಂಧ ಓದಿದ. ಓದಿದ್ದು ಅದೇ ಭೂವಿಜ್ಞಾನ ಸಂಘದಲ್ಲಿ.

ಇದರ ಕಾರಣ ಇಂದು ಸ್ಪಷ್ಟವಾಗಿ ಗೊತ್ತಿದೆ. ಶಾಂತಸಾಗರದ ತಳದ ಭೂಫಲಕವೊಂದು ದಕ್ಷಿಣ ಅಮೆರಿಕದ ಅಡಿಗೆ ನುಗ್ಗುತ್ತಿದೆ. ಸಿಕ್ಕಿಬಿದ್ದ ಅಂಚು ಒಮ್ಮೆಲೇ ಬಿಡಿಸಿಕೊಂಡಾಗ ಭೂಕಂಪವಾಗುತ್ತದೆ, ತೀರದ ಕೆಲವು ಭಾಗಗಳು ಮೇಲೇಳುತ್ತವೆ. ಮರಿಯಾಗೆ ಈ ವಿವರಣೆ ತಿಳಿದಿರಲು ಸಾಧ್ಯವಿರಲಿಲ್ಲ. ಆಕೆಗೆ ಗೊತ್ತಿದ್ದದ್ದು ಸಿಂಪಿ ಎಲ್ಲಿತ್ತು, ನೀರು ಎಲ್ಲಿಗೆ ನಿಂತಿತ್ತು ಎಂಬುದಷ್ಟೇ. ಪ್ರವಾಸದಲ್ಲಿ ದಿನದಿನವೂ ಬರೆದಿಡುವ ಅಭ್ಯಾಸವೇ ಅದನ್ನು ಉಳಿಸಿತು.

ಮರಿಯಾ 1842ರಲ್ಲಿ ಲಂಡನ್ನಿನ ಕೆನ್ಸಿಂಗ್‌ಟನ್‌ನಲ್ಲಿ ತೀರಿಕೊಂಡಳು. ಗಂಡನಿಗೆ ‘ಸರ್’ ಪದವಿ ಬಂದದ್ದರಿಂದ ಆಗ ಆಕೆ ಲೇಡಿ ಕಾಲ್ಕಾಟ್. ಇಂಗ್ಲೆಂಡಿನಲ್ಲಿ ಬಹುಕಾಲ ಮನೆಮಾತಾಗಿದ್ದದ್ದು 1835ರಲ್ಲಿ ಆಕೆ ಮಕ್ಕಳಿಗಾಗಿ ಬರೆದ ಇಂಗ್ಲೆಂಡಿನ ಚರಿತ್ರೆ. ಹಾಸಿಗೆಯಲ್ಲಿ ಮಲಗಿಯೇ ಬರೆದ ಆ ಪುಸ್ತಕ ಇಪ್ಪತ್ತನೆಯ ಶತಮಾನದಲ್ಲೂ ಮುದ್ರಣ ಕಂಡಿತು. ಅವಳ ಭಾರತ, ಚಿಲಿ, ಬ್ರೆಜಿಲ್ ದಿನಚರಿಗಳನ್ನು ಆ ದೇಶಗಳ ಚರಿತ್ರೆ ಬರೆಯುವವರು ಇಂದಿಗೂ ಆಕರವಾಗಿ ಬಳಸುತ್ತಾರೆ.

ಭೂವಿಜ್ಞಾನ ಸಂಘ ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1919ರಲ್ಲಿ. ಮರಿಯಾ ಸತ್ತು ಆಗ 77 ವರ್ಷಗಳಾಗಿದ್ದವು.